ಮುಲುಂಡಿನ ಕೇಬಲ್ ಕಾಂಬೋ: ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಕಲಬುರಗಿ ಹುಡುಗನದು

ಮೊದಲೇ ಹೇಳಿಬಿಡುತ್ತೇನೆ, ಈ ಪ್ಯಾಕ್ ನಾನು ತಗೊಂಡಿದ್ದು ಒಂದೇ ಒಂದು ಸೀರಿಯಲ್‌ಗಾಗಿ. ಅದೂ ಇಪ್ಪತ್ತು ವರ್ಷ ಹಳೆಯದು. ಕ್ರಿಕೆಟ್ಟಿಗಲ್ಲ, ಹೊಸ ಸಿನಿಮಾಕ್ಕಲ್ಲ, ನಮ್ಮವರ ಆಫೀಸ್ ಮೀಟಿಂಗಿಗೂ ಅಲ್ಲ. ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ಯನ್ನು ಮೊದಲಿನಿಂದ ಕೊನೆತನಕ, ದೊಡ್ಡ ಟೀವಿಯಲ್ಲಿ, ಅತ್ತೆಯ ಪಕ್ಕದಲ್ಲಿ ಕೂತು ನೋಡಬೇಕಿತ್ತು ಅಷ್ಟೇ. ಸ್ಪೀಡ್ ಎಷ್ಟು ಬರುತ್ತೆ ಅಂತ ತಿಳಿಯೋಕೆ ಬಂದವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ, ಅದನ್ನೂ ಹೇಳುತ್ತೇನೆ, ಎರಡು ಸಾಲಲ್ಲಿ.

ನಮ್ಮ ಗಲ್ಲಿಯ ಕೇಬಲ್‌ವಾಲಾ ಈಗ ಬರೀ ಕೇಬಲ್‌ವಾಲಾ ಅಲ್ಲ. ಆಫೀಸಿಗೆ ಗಾಜಿನ ಬಾಗಿಲು ಬಂದಿದೆ, ಎಸಿ ಬಂದಿದೆ, ಕೌಂಟರಿನಲ್ಲಿ ಗಣಪತಿಯ ಪಕ್ಕ ಕ್ಯೂಆರ್ ಕೋಡ್ ಇದೆ. ಹೆಸರು ಬೇಡ ಬಿಡಿ. ಮುಂಬಯಿಯ ಈ ಮುಲುಂಡ್ ವೆಸ್ಟಿನಲ್ಲಿ ಇಂಥವರು ಗಲ್ಲಿಗೊಬ್ಬರು ಇದ್ದಾರೆ, ಎಲ್ಲರದ್ದೂ ಹೆಚ್ಚುಕಮ್ಮಿ ಇದೇ ಕಥೆ. ನಾನು ತಗೊಂಡಿದ್ದು ಆರು ತಿಂಗಳ ಕಾಂಬೋ. ಒಂದು ಸೆಟ್‌ಟಾಪ್ ಬಾಕ್ಸು, ಒಂದು ಫೈಬರ್ ಬ್ರಾಡ್‌ಬ್ಯಾಂಡ್, ಜೊತೆಗೆ ಸಿನಿಮಾ-ಸೀರಿಯಲ್ ನೋಡೋ ಆಪ್‌ಗಳು, ಎಲ್ಲ ಸೇರಿ 4,500 ರೂಪಾಯಿ. ಸಾರಾಭಾಯಿ ಎಪ್ಪತ್ತರ ಆಸುಪಾಸು ಎಪಿಸೋಡ್ ಇದೆ. ಎಪ್ಪತ್ತು ಅಂತಲೇ ಇಟ್ಟುಕೊಂಡರೆ ಒಂದು ಎಪಿಸೋಡಿಗೆ 64 ರೂಪಾಯಿ ಚಿಲ್ಲರೆ. ಈ ಲೆಕ್ಕ ನಾನು ಕೌಂಟರಿನಲ್ಲೇ ನಿಂತು ಹಾಕಿದೆ. ಸೀರಿಯಲ್ ನೋಡಿದವರಿಗೆ ಈಗಲೇ ಗೊತ್ತಾಗಿರಬೇಕು, ನಮ್ಮ ಮನೆಯಲ್ಲಿ ಮೋನಿಷಾ ಯಾರು ಅಂತ.

ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ದಕ್ಷಿಣ ಮುಂಬಯಿಯ ಕಫ್ ಪರೇಡಿನ ಒಂದು ಶ್ರೀಮಂತ ಗುಜರಾತಿ ಕುಟುಂಬ. ಅತ್ತೆ ಮಾಯಾ, ಅಂದರೆ ರತ್ನಾ ಪಾಠಕ್ ಶಾ. ಮಾವ ಇಂದ್ರವದನ, ಅಂದರೆ ಸತೀಶ್ ಶಾ. ದೊಡ್ಡ ಮಗ ಸಾಹಿಲ್ ಡಾಕ್ಟರು, ಕಿರಿಯವ ರೋಸೇಶ್ ನಾಟಕ, ಕವಿತೆ ಅಂತ ಅಮ್ಮನ ಸೆರಗು ಹಿಡಿದವನು. ಸಾಹಿಲ್ ಮದುವೆಯಾಗಿ ತಂದ ಹುಡುಗಿಯ ಹೆಸರು ಮನೀಷಾ. ಆ ಹೆಸರು ತೀರಾ ಮಿಡಲ್ ಕ್ಲಾಸ್ ಅಂತ ಅತ್ತೆ ಅದನ್ನು ಮೋನಿಷಾ ಮಾಡಿಬಿಟ್ಟಳು. ಸೊಸೆ ಡಿಸ್ಕೌಂಟ್ ಎಂದರೆ ಪ್ರಾಣ ಬಿಡುತ್ತಾಳೆ, ಅತ್ತೆ ಡಿಸ್ಕೌಂಟ್ ಎಂಬ ಶಬ್ದ ಕೇಳಿದರೇ ಮೂರ್ಛೆ ಹೋಗುತ್ತಾಳೆ, ಮಾವ ಇಬ್ಬರ ನಡುವೆ ಬೆಂಕಿಗೆ ತುಪ್ಪ ಹಾಕಿ ಸೋಫಾದಲ್ಲಿ ಕೂತು ಮಜಾ ತಗೊಳ್ಳುತ್ತಾನೆ. ಇಷ್ಟೇ ಕಥೆ. ಬರೆದವರು ಆತಿಶ್ ಕಪಾಡಿಯಾ, ನಿರ್ಮಾಣದಲ್ಲಿ ಜೊತೆಗೆ ಜೆ.ಡಿ. ಮಜೀಠಿಯಾ, ನಿರ್ದೇಶನ ದೇವೆನ್ ಭೋಜಾನಿ. 2004ರ ನವೆಂಬರಿನಲ್ಲಿ ಸ್ಟಾರ್ ಒನ್ ಚಾನೆಲ್‌ನಲ್ಲಿ ಶುರುವಾಗಿ, ವಾರಕ್ಕೊಂದರಂತೆ ಬಂದು, 2006ರಲ್ಲಿ ಮುಗಿದೇಹೋಯ್ತು. ಆಗ ಅಂಥಾ ಟಿಆರ್‌ಪಿ ಏನೂ ಬರಲಿಲ್ಲ. ಜನ ಹುಚ್ಚಾಗಿದ್ದು ಆಮೇಲೆ, ಮರುಪ್ರಸಾರಗಳಲ್ಲಿ.

ಇದೇ ಕಾಲದಲ್ಲಿ ಅಕ್ಕಪಕ್ಕದ ಚಾನೆಲ್‌ಗಳ ಸೀರಿಯಲ್‌ಗಳಲ್ಲಿ ಅತ್ತೆ ಹೇಗಿರುತ್ತಿದ್ದಳು ನೆನಪಿದೆಯಲ್ವಾ? ಹಣೆ ತುಂಬ ಕುಂಕುಮ, ಒಂದು ಹುಬ್ಬು ಏರಿಸಿದರೆ ಮೂರು ಸಲ ಸಿಡಿಲು, ಕ್ಯಾಮೆರಾ ಮೂರು ಸಲ ಮುಖಕ್ಕೆ. ಮಾಯಾ ಒಂದು ದಿನ ದನಿ ಏರಿಸಿದವಳಲ್ಲ. ಮೆತ್ತಗೆ ನಗುತ್ತಾ, ‘ಬೇಟಾ’ ಅಂತ ಕರೆಯುತ್ತಾ ಚರ್ಮ ಸುಲಿಯುತ್ತಾಳೆ. ಸೊಸೆ ಟೀವಿಯಲ್ಲಿ ಅಂಥ ಅಳುಮುಂಜಿ ಸೀರಿಯಲ್ ನೋಡೋದೇ ಅವಳಿಗೊಂದು ಸಂಕಟ. ಜಗಳವೆಲ್ಲ ಟೀ ಲೋಟ, ಕರ್ಟನ್ ಬಣ್ಣ, ಇಂಥಾದ್ದರ ಮೇಲೆ. ನಿಜವಾದ ಮನೆಗಳಲ್ಲಿ ಜಗಳ ಆಗೋದೂ ಇಂಥಾದ್ದಕ್ಕೇ.

ನಮ್ಮ ಮನೆಯಲ್ಲಿ ಆಗೋದು ಕನ್ನಡದ ಮೇಲೆ. ನಾನು ಹುಬ್ಬಳ್ಳಿಯವಳು. ಅತ್ತೆಯ ತವರು ಉಡುಪಿ ಕಡೆ, ಆದರೆ ಹುಟ್ಟಿ ಬೆಳೆದಿದ್ದು ಮಾಟುಂಗದಲ್ಲಿ. ಮೈಸೂರು ಅಸೋಸಿಯೇಶನ್ನಿನ ನಾಟಕ ನೋಡುತ್ತಾ, ಅಪ್ಪನ ಕೈ ಹಿಡಿದು ರಾಮ ನಾಯಕರ ಬೋರ್ಡಿಂಗಿನಲ್ಲಿ ಬಾಳೆ ಎಲೆ ಊಟ ಮಾಡುತ್ತಾ ಬೆಳೆದವರು. ಅವರ ಕನ್ನಡ ಇಸ್ತ್ರಿ ಹಾಕಿದ ಸೀರೆಯ ಹಾಗೆ. ನಾನು ಮದುವೆಯಾಗಿ ಬಂದ ಮೊದಲ ವಾರ ‘ಟೀವಿ ಹಚ್ಲೇನ್ರೀ?’ ಅಂತ ಕೇಳಿದ್ದೆ. ಅತ್ತೆ ಪತ್ರಿಕೆ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ‘ಹಚ್ಚಲಿಕ್ಕೆ ಅದೆಂತ ಊದುಬತ್ತಿಯಾ ಮಾರಾಯ್ತಿ? ಟೀವಿ ಹಾಕುವುದು’ ಅಂದರು. ಅದು 2004ರ ಡಿಸೆಂಬರು. ಆ ವಾರವೇ ಇಬ್ಬರೂ ಜೊತೆಗೆ ಕೂತು ಮೊದಲ ಸಲ ಸಾರಾಭಾಯಿ ನೋಡಿದ್ದು. ಪರದೆಯ ಮೇಲೆ ಮಾಯಾ ಮೋನಿಷಾಳ ಮಾತು ತಿದ್ದುತ್ತಿದ್ದಳು. ನಾನು ಬಾಯಿಗೆ ಸೆರಗು ಒತ್ತಿ ಕೂತಿದ್ದೆ. ಅತ್ತೆ ಪಕ್ಕಕ್ಕೆ ನೋಡಲಿಲ್ಲ, ಆದರೆ ಅವರ ಭುಜ ಕುಣಿಯುತ್ತಿತ್ತು. ನಮ್ಮಿಬ್ಬರಿಗೆ ಹೊಂದಾಣಿಕೆ ಆಗಿದ್ದು ಆ ಸೋಫಾದಲ್ಲೇ ಅಂತ ನಾನು ಈಗಲೂ ಹೇಳುತ್ತೇನೆ, ನಮ್ಮವರು ಒಪ್ಪುವುದಿಲ್ಲ, ಅವರು ಆಗ ನೈಟ್ ಶಿಫ್ಟಿನಲ್ಲಿದ್ದರು.

ಆಗಿನ ಕೇಬಲ್ ಬೇರೇನೇ. ತಿಂಗಳ ಮೊದಲ ಭಾನುವಾರ ಒಬ್ಬ ಹುಡುಗ ಬಂದು ಕ್ಯಾಶ್ ತಗೊಂಡು ಗುಲಾಬಿ ಬಣ್ಣದ ಚೀಟಿ ಕೊಡುತ್ತಿದ್ದ. ಬಾಕ್ಸ್ ಇಲ್ಲ, ಪ್ಯಾಕ್ ಇಲ್ಲ, ಟೆರೇಸಿನಿಂದ ಟೆರೇಸಿಗೆ ಕರಿ ವೈರು, ನಡುವೆ ಒಂದು ಅರಳಿಮರ. ಕನ್ನಡ ಚಾನೆಲ್ ಬೇಕೆಂದರೆ ಕೇಬಲ್‌ವಾಲಾನ ಮುಂದೆ ನಾಲ್ಕು ಮನೆ ಒಟ್ಟಾಗಿ ಹೋಗಿ ಕೇಳಬೇಕಿತ್ತು. ಉದಯ ಹಾಕಿದರೆ ಈಟಿವಿ ಕನ್ನಡ ಹೋಗುತ್ತಿತ್ತು, ಈಟಿವಿ ಬಂದರೆ ಬೇರೆ ಯಾವುದೋ ಭಾಷೆಯ ಚಾನೆಲ್ ಕಳಕೊಂಡವರು ಜಗಳಕ್ಕೆ ಬರುತ್ತಿದ್ದರು. ಅತ್ತೆಗೆ ಈಟಿವಿಯ ‘ಪಾಪ ಪಾಂಡು’ ಸೀರಿಯಲ್ ಬೇಕು, ಹೆಂಡತಿ ಕೈಲಿ ಏಟು ತಿನ್ನುವ ಆ ಪಾಂಡು ಅಂದರೆ ಅವರಿಗೆ ಜೀವ. ನನಗೆ ಸಾರಾಭಾಯಿ. ರಿಮೋಟ್ ಒಂದೇ. 2005ರ ಜುಲೈ 26ರ ಮಳೆ ಇದೆಯಲ್ಲ, ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದದ್ದು, ಆ ವಾರ ನಮ್ಮಲ್ಲಿ ಎಷ್ಟೋ ದಿನ ಕೇಬಲ್ ಇರಲಿಲ್ಲ. ಊರೆಲ್ಲ ನೀರು, ನಮ್ಮವರು ಆಫೀಸಿನಿಂದ ನಡೆದುಕೊಂಡೇ ಬಂದಿದ್ದರು, ಅಂಥದ್ದರಲ್ಲಿ ನಾನು ಒಂದು ಎಪಿಸೋಡ್ ಹೋಯ್ತಲ್ಲಾ ಅಂತ ಒಳಗೊಳಗೇ ಸಂಕಟಪಟ್ಟಿದ್ದೆ. ನಾಚಿಕೆಯಾಗುತ್ತೆ ಹೇಳಿಕೊಳ್ಳೋಕೆ, ಆದರೆ ನಿಜ.

ಆಮೇಲೆ 2012ರ ಅಕ್ಟೋಬರ್ ಕೊನೆಗೆ ಮುಂಬಯಿಯಲ್ಲಿ ಬಾಕ್ಸ್ ಇಲ್ಲದೆ ಕೇಬಲ್ ಇಲ್ಲ ಅಂತಾಯ್ತು. 2019ರ ಫೆಬ್ರವರಿಯಿಂದ ಟ್ರಾಯ್‌ನ, ಅಂದರೆ ಕೇಬಲ್, ಫೋನುಗಳ ನಿಯಮ ಮಾಡುವ ಸರ್ಕಾರಿ ಸಂಸ್ಥೆಯ, ಹೊಸ ದರ. 130 ರೂಪಾಯಿ ಮೂಲ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆಗೆ 100 ಚಾನೆಲ್, ಪೇ ಚಾನೆಲ್‌ಗೆ ಬೇರೆ ದುಡ್ಡು. ಬೇಕಾದ್ದು ಮಾತ್ರ ಆರಿಸಿಕೊಳ್ಳಿ ಅಂದರು. ಆರಿಸಿಕೊಳ್ಳೋಣ ಅಂದರೆ ನನಗೆ ಬೇಕಾದ ಚಾನೆಲ್ಲೇ ಇಲ್ಲ. ಸ್ಟಾರ್ ಒನ್ 2011ರಲ್ಲೇ ಲೈಫ್ ಓಕೆ ಆಗಿತ್ತು, ಲೈಫ್ ಓಕೆ 2017ರಲ್ಲಿ ಸ್ಟಾರ್ ಭಾರತ್ ಆಯ್ತು. ಈ ಸೀರಿಯಲ್ ಸಿಗುವ ಆಪ್ ಹಾಟ್‌ಸ್ಟಾರ್, ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಆಗಿ, 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆಯ್ತು. ಬಾಡಿಗೆದಾರರು ಅದೇ ಮಾಯಾ, ಅದೇ ಮೋನಿಷಾ, ಬಾಗಿಲ ಮೇಲಿನ ಬೋರ್ಡು ಮಾತ್ರ ಬದಲಾಗುತ್ತಲೇ ಇದೆ.

ಕಳೆದ ವರ್ಷ, 2025ರ ಅಕ್ಟೋಬರ್ 25ರಂದು, ಸತೀಶ್ ಶಾ ಹೋದರು. 74 ವರ್ಷ. ಎದುರು ಫ್ಲ್ಯಾಟಿನ ಗುಜರಾತಿ ಮಾಸಿ ಬಾಗಿಲು ಬಡಿದು ಹೇಳಿದ್ದು, ‘ಇಂದ್ರವದನ ಗಯಾ’ ಅಂತ. ಆ ಹೆಸರಿನಿಂದಲೇ. ಅತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ದೂರದರ್ಶನದ ಕಾಲದ ಮಾತು ತೆಗೆದರು, 1984ರಲ್ಲಿ ‘ಯೇ ಜೋ ಹೈ ಜಿಂದಗಿ’ಯಲ್ಲಿ ಅದೇ ಮನುಷ್ಯ ಎಪಿಸೋಡಿಗೊಂದು ಹೊಸ ವೇಷದಲ್ಲಿ ಬರುತ್ತಿದ್ದರು, ಇವತ್ತು ಏನಾಗಿ ಬರ್ತಾರೆ ಅಂತ ಚಾಳಿನವರೆಲ್ಲ ಒಂದೇ ಟೀವಿ ಮುಂದೆ ಕಾಯುತ್ತಿದ್ದರು ಅಂತ. ರಾತ್ರಿ ಊಟಕ್ಕೆ ಕೂತಾಗ ಹೇಳಿದರು, ‘ಅದೊಂದು ಸಲ ಪೂರ್ತಿ ನೋಡಬೇಕಿತ್ತು. ಫೋನಿನಲ್ಲಿ ಬೇಡ, ನನಗೆ ಕಾಣುವುದಿಲ್ಲ.’ ಅತ್ತೆಗೆ 78. ಬೇಕು ಅಂತ ಬಾಯಿಬಿಟ್ಟು ಕೇಳುವವರಲ್ಲ. ಮರುವಾರ ನಾನು ಆ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

ಈಗ ಸೇವೆಯ ವಿಷಯ. ಮೊದಲು ಆಫೀಸು. ದುಡ್ಡು ತಗೊಳ್ಳುವಾಗ ಚಹಾ ಕೊಟ್ಟರು. ‘ನಾಳೆ ಬೆಳಿಗ್ಗೆ ಹತ್ತಕ್ಕೆ ಹುಡುಗ ಬರ್ತಾನೆ’ ಅಂದರು. ನಾಳೆ ಅಂದದ್ದು ಐದನೇ ದಿನಕ್ಕೆ ಬಂತು. ಅಷ್ಟರಲ್ಲಿ ನಾನು ಫೋನ್ ಮಾಡಿದ್ದು ಎಷ್ಟು ಸಲವೋ, ಪ್ರತಿ ಸಲ ಬೇರೆ ಹುಡುಗಿ, ಪ್ರತಿ ಸಲ ‘ಮೇಡಂ, ಕಂಪ್ಲೇಂಟ್ ಹಾಕಿದ್ದೀನಿ’. ನಾನು ಕಂಪ್ಲೇಂಟ್ ಮಾಡ್ತಿಲ್ಲಮ್ಮಾ, ಇನ್ನೂ ಕನೆಕ್ಷನ್ನೇ ಬಂದಿಲ್ಲ ಅಂದರೆ, ‘ಅದೇ ಕಂಪ್ಲೇಂಟ್ ಮೇಡಂ’ ಅಂತಾಳೆ. ವಾದ ಮಾಡೋದು ಹೇಗೆ ಹೇಳಿ.

ಐದನೇ ದಿನ ಆ ಹುಡುಗ ಬಂದ. ಬೆನ್ನಿಗೆ ಒಂದು ಬ್ಯಾಗು, ಹೆಗಲಿಗೆ ಹಳದಿ ಫೈಬರ್ ಸುರುಳಿ, ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸಿರಬೇಕು. ಹಿಂದಿಯಲ್ಲಿ ಶುರುಮಾಡಿದ. ನಾನು ಒಳಗಿಂದ ಅತ್ತೆಗೆ ಏನೋ ಕೂಗಿ ಹೇಳಿದ್ದನ್ನು ಕೇಳಿಸಿಕೊಂಡು, ವೈರ್ ಎಳೆಯುತ್ತಿದ್ದವನು ಹಾಗೇ ನಿಂತ. ‘ಅಕ್ಕೋರೆ, ನೀವು ಹುಬ್ಬಳ್ಳಿ ಕಡಿಯವ್ರೇನ್ರಿ?’ ಕಲಬುರಗಿ ಜಿಲ್ಲೆಯವನಂತೆ. ಅಪ್ಪ ಇಲ್ಲೇ ಕಟ್ಟಡ ಕೆಲಸಕ್ಕೆ ಬಂದವರು, ಇವ ಥಾಣೆಯಲ್ಲಿ ಬೆಳೆದವನು. ಅಲ್ಲಿಂದ ಮುಂದೆ ಎರಡು ಗಂಟೆ ನಮ್ಮ ಹಾಲ್‌ನಲ್ಲಿ ಹಿಂದಿ ಇರಲಿಲ್ಲ.

ಸಾರಾಭಾಯಿಯಲ್ಲಿ ದುಷ್ಯಂತ ಅಂತ ಒಬ್ಬ ಇದ್ದಾನೆ, ನಿರ್ದೇಶಕ ದೇವೆನ್ ಭೋಜಾನಿಯೇ ಆ ಪಾತ್ರ ಮಾಡಿದ್ದು. ಮಿಕ್ಸಿ, ಫ್ರಿಜ್ಜು, ಏನೇ ಕಂಡರೂ ಅದು ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸದೆ ಬಿಡುವವನಲ್ಲ, ಮನೆಯವರೆಲ್ಲ ಓಡಿಹೋಗುವ ತನಕ. ನಮ್ಮ ಹುಡುಗ ಥೇಟ್ ದುಷ್ಯಂತ. ಒಂದೇ ವ್ಯತ್ಯಾಸ, ನಾವು ಓಡಿಹೋಗಲಿಲ್ಲ. ಫೈಬರಿನ ತುದಿ ಸುಲಿದು ಬೆರಳ ಮೇಲೆ ಇಟ್ಟು ತೋರಿಸಿದ. ‘ನೋಡ್ರಿ, ಇದು ಕೂದಲಿನಷ್ಟ ಸಣ್ಣ ಗಾಜು. ಇದರಾಗ ಕರೆಂಟ್ ಇಲ್ಲ, ಬರೀ ಬೆಳಕು. ಹಿಂಗ ಭಾಳ ಬಗ್ಗಿಸಿದ್ರ ಬೆಳಕು ಹೊರಗ ಸೋರ್ತದ. ಅದಕ್ಕ ಬಾಗಿಲ ಸಂದ್ಯಾಗ ಸಿಗಿಸಬ್ಯಾಡ್ರಿ.’ ಸ್ಪಿರಿಟ್‌ನಿಂದ ಒರೆಸಿ, ಒಂದು ಪುಟ್ಟ ಕತ್ತಿಯಂಥದ್ದರಲ್ಲಿ ಟಕ್ ಅಂತ ನೇರ ಕತ್ತರಿಸಿ, ಡಬ್ಬಿಯಂಥ ಮಶೀನಿನೊಳಗೆ ಎರಡು ತುದಿ ಎದುರುಬದುರು ಇಟ್ಟ. ಅದರ ಚಿಕ್ಕ ಪರದೆಯಲ್ಲಿ ಎರಡು ದಪ್ಪ ಕಂಬದ ಹಾಗೆ ಕಾಣುತ್ತಿದ್ದವು. ಒಂದು ಕಿಡಿ, ಎರಡೂ ಸೇರಿ ಒಂದೇ ಆಯ್ತು. ಆಮೇಲೆ ಬೆಳಕು ಎಷ್ಟು ಬರುತ್ತಿದೆ ಅಂತ ಮೀಟರ್ ಹಚ್ಚಿ ನೋಡಿದರೆ ಮೈನಸ್ 27, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ. ‘ಇದು ನಡಿಯಂಗಿಲ್ಲ, ಮಳಿ ಬಂದ್ರ ಕೆಂಪು ಲೈಟ್ ಹತ್ತತದ’ ಅಂತ ತಾನೇ ಹೇಳಿ, ಯಾರೂ ಕೇಳದೇ ಇದ್ದರೂ ಟೆರೇಸಿಗೆ ಹೋಗಿ ಅಲ್ಲಿನ ಜಾಯಿಂಟ್ ಕಿತ್ತು ಮತ್ತೆ ಹಾಕಿ ಬಂದ. ಮೈನಸ್ 19. ಅಷ್ಟು ಬಂದ ಮೇಲೇ ಬ್ಯಾಗು ಮುಚ್ಚಿದ್ದು.

ಎಲ್ಲ ಮುಗಿದ ಮೇಲೆ ಅವನು ಹೇಳಿದ, ‘ಅಕ್ಕೋರೆ, ಈಗ ಟೀವಿ ಹಚ್ರಿ.’

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅವನ ಮುಖ ನೋಡಿದರು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ‘ಹಚ್ಚು’ ಎನ್ನುವವರು ಇಬ್ಬರಾಗಿದ್ದರು. ಅತ್ತೆ ಎದ್ದು ಒಳಗೆ ಹೋದರು, ಬೇಜಾರಾಯ್ತೇನೋ ಅಂದುಕೊಂಡೆ, ಫಿಲ್ಟರ್ ಕಾಫಿ ತಗೊಂಡು ಬಂದರು, ಅದೂ ಸ್ಟೀಲ್ ಲೋಟದಲ್ಲಲ್ಲ, ನೆಂಟರಿಗೆ ಇಟ್ಟಿರುವ ಕಪ್ಪಿನಲ್ಲಿ. ಎರಡು ಸ್ಟಾರ್ ಇವನಿಗೆ ಅಂದೆನಲ್ಲ, ಸುಮ್ನೆ ಅಲ್ಲ.

ಆದರೆ ಟೀವಿ ಹಾಕಿದರೆ ಸಾರಾಭಾಯಿ ಇಲ್ಲ! ಬ್ರಾಡ್‌ಬ್ಯಾಂಡ್ ಬಂತು, ಬಾಕ್ಸಿನಲ್ಲಿ ಹಿಂದಿ ಮರಾಠಿ ಎಲ್ಲ ಬಂತು, ಆಪ್ ಮಾತ್ರ ತೆರೆಯಲಿಲ್ಲ. ಕಾಂಬೋದಲ್ಲಿ ಸೇರಿದೆ ಅಂತ ಕೊಟ್ಟ ಆಪ್ ನನ್ನ ನಂಬರಿಗೆ ಆಕ್ಟಿವೇಟ್ ಆಗಿರಲಿಲ್ಲ. ಆಫೀಸಿನಲ್ಲಿ ಕೇಳಿದರೆ ‘ಬ್ಯಾಕೆಂಡ್‌ನಿಂದ ಆಗ್ಬೇಕು’. ಈ ಬ್ಯಾಕೆಂಡ್ ಎಲ್ಲಿದೆ, ಅಲ್ಲಿ ಯಾರು ಕೂತಿದ್ದಾರೆ, ಇವತ್ತಿಗೂ ಗೊತ್ತಾಗಿಲ್ಲ. ಒಂಬತ್ತು ದಿನ. ಅಷ್ಟೂ ದಿನ ಪ್ಯಾಕಿನ ಮೀಟರು ಓಡುತ್ತಲೇ ಇತ್ತು, ಆ ಒಂಬತ್ತು ದಿನ ಕೊನೆಯಲ್ಲಿ ಸೇರಿಸಿಕೊಡಿ ಅಂದರೆ ಸಿಸ್ಟಮ್‌ನಲ್ಲಿ ಆಗಲ್ಲ ಅಂದರು. ಕನ್ನಡ ಚಾನೆಲ್‌ಗಳದ್ದೂ ಇದೇ ಗೋಳು. ಬೇಸಿಕ್ ಪ್ಯಾಕಿನಲ್ಲಿ ಇಲ್ಲ, ಬೇರೆ ಹಾಕಿಸಬೇಕು, ಹಾಕಿಸಿದೆವು, ಮುಂದಿನ ತಿಂಗಳು ತಾನಾಗೇ ಮಾಯ. ಮತ್ತೆ ಫೋನು. ಮುಂಬಯಿಯಲ್ಲಿ ಇಷ್ಟೊಂದು ಕನ್ನಡದವರಿದ್ದೂ ಕನ್ನಡ ಅನ್ನೋದು ಇವರಿಗೆ ಯಾವಾಗಲೂ ‘ಎಕ್ಸ್‌ಟ್ರಾ’. 2004ರಲ್ಲೂ ಹಾಗೇ ಇತ್ತು, ಈಗ ಬರೀ ಬಿಲ್ಲಿನಲ್ಲಿ ಪ್ರಿಂಟ್ ಆಗಿ ಬರುತ್ತೆ.

ಸ್ಪೀಡು: 100 ಎಂಬಿಪಿಎಸ್ ಅಂದರು, ಹಾಲ್‌ನಲ್ಲಿ 90 ಬರುತ್ತೆ, ಬೆಡ್‌ರೂಮಿನಲ್ಲಿ 40. ಸಾಕು.

ಕೊನೆಗೂ ಆಪ್ ತೆರೆಯಿತು. ಮೊದಲ ಎಪಿಸೋಡ್ ಹಾಕಿದಾಗ ಮಾಯಾ ಅಗಲವಾಗಿ ಕಂಡಳು. 2004ರ ಟೀವಿಗೆ ಮಾಡಿದ ಚೌಕಾಕಾರದ ಚಿತ್ರ, ಈಗಿನ ಟೀವಿ ಉದ್ದ, ನಮ್ಮವರು ಪರದೆ ತುಂಬಲಿ ಅಂತ ಸೆಟ್ಟಿಂಗಿನಲ್ಲಿ ಎಳೆದುಬಿಟ್ಟಿದ್ದರು. ಅತ್ತೆ ಎರಡು ನಿಮಿಷ ನೋಡಿ, ‘ಇವಳು ಇಷ್ಟು ದಪ್ಪ ಇರಲಿಲ್ಲ’ ಅಂದರು. ಸರಿಮಾಡಿದ ಮೇಲೆ ಎರಡೂ ಪಕ್ಕ ಕರಿ ಪಟ್ಟಿ, ನಡುವೆ ಅದೇ ಹಳೇ ಮಾಯಾ, ಸಪೂರ, ನೆಟ್ಟಗೆ. ಹೊಸ ಟೀವಿ ಇರುವವರಿಗೆ ಒಂದೇ ಕಿವಿಮಾತು, ದಯವಿಟ್ಟು ಎಳೆಯಬೇಡಿ. ಚಿತ್ರ ಸ್ವಲ್ಪ ಮಸುಕಾಗಿದೆ, ಆ ಕಾಲದ್ದು, ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಹತ್ತು ನಿಮಿಷ ಆದ ಮೇಲೆ ಮಸುಕು ಮರೆತುಹೋಗುತ್ತೆ.

ಈಗ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಏಳೆಂಟು ಜನ. ಎದುರು ಮನೆ ಮಾಸಿ ಖಾಂಡ್ವಿ ತರುತ್ತಾರೆ, ನಾನು ಗೋಳಿಬಜೆ ಕರಿಯುತ್ತೇನೆ, ಕೆಳಗಿನ ಮನೆಯ ಮಂಗಳೂರಿನ ಅಂಕಲ್ ಬರುತ್ತಾರೆ, ಭಾಂಡುಪಿನಿಂದ ನನ್ನ ನಾದಿನಿ. ಎಲ್ಲರಿಗೂ ಸಂಭಾಷಣೆ ಬಾಯಿಪಾಠ. ಮಾಯಾ ಬಾಯಿ ತೆರೆಯುವ ಮೊದಲೇ ಅಂಕಲ್ ಹೇಳಿಬಿಡುತ್ತಾರೆ, ಅತ್ತೆಗೆ ಅದು ಸರಿಬರುವುದಿಲ್ಲ, ‘ನಿಮ್ಮ ದನಿಯಲ್ಲಿ ಕೇಳಲಿಕ್ಕೆ ನಾನು ದುಡ್ಡು ಕೊಟ್ಟದ್ದಲ್ಲ’ ಅಂತಾರೆ. ದುಡ್ಡು ಕೊಟ್ಟದ್ದು ನಾನು, ಇರಲಿ. ಹತ್ತೊಂಬತ್ತು ವರ್ಷದ ನನ್ನ ಮಗ ಇಡೀ ಎಪಿಸೋಡ್ ಒಂದೂ ನೋಡಿದವನಲ್ಲ, ಆದರೆ ರೋಸೇಶನ ಕವಿತೆ ಆ ಗೊಗ್ಗರು ದನಿಯಲ್ಲೇ ಒಪ್ಪಿಸುತ್ತಾನೆ. ಎಲ್ಲ ರೀಲ್ಸ್‌ನಲ್ಲಿ ಕಲಿತದ್ದು. ಅವನ ಗೆಳೆಯರಿಗೂ ಹಾಗೇ, ಮೂವತ್ತು ಸೆಕೆಂಡಿನ ಸಾರಾಭಾಯಿ. ಒಮ್ಮೆ ಕಿವಿ ಹಿಡಿದು ಕೂರಿಸಿದೆವು. ನಗುವ ಜಾಗದಲ್ಲಿ ನಗಲಿಲ್ಲ, ನಾವು ಯಾರೂ ನಗದ ಕಡೆ, ಇಂದ್ರವದನ ಹಿಂದೆ ಸುಮ್ಮನೆ ಕೂತು ಮುಖ ಮಾಡುವ ಕಡೆ, ಬಿದ್ದು ಬಿದ್ದು ನಕ್ಕ. ‘ಅಮ್ಮಾ, ಅವರು ಮಾತಾಡದೇ ಇದ್ದಾಗ ನೋಡು’ ಅಂದ. ಇಪ್ಪತ್ತು ವರ್ಷ ನೋಡಿದ ನನಗೆ ಅದು ಹೊಳೆದಿರಲಿಲ್ಲ. ಈಗ ನಾನು ಮಾಯಾಳನ್ನು ಬಿಟ್ಟು ಅವರನ್ನೇ ನೋಡುತ್ತೇನೆ. ಬೇರೆಯವರು ಮಾತಾಡುವಾಗ ಆ ಕಣ್ಣು ಮುಂದಿನ ಕಿತಾಪತಿಯ ಲೆಕ್ಕ ಹಾಕುತ್ತಲೇ ಇರುತ್ತೆ.

ಚಿಂತೆಗಳೂ ಅಲ್ಲೇ ಹೊರಗೆ ಬರುತ್ತವೆ, ಗೋಳಿಬಜೆ ಮುಗಿದ ಮೇಲೆ. ಮೂರನೇ ಸೀಸನ್ ಮಾಡಿದರೆ? ಮಾಸಿಗೆ ಬೇಕು, ‘ಯಾರಾದರೂ ಬರಲಿ, ಮನೆ ತೆರೆದಿರಲಿ’ ಅನ್ನೋದು ಅವರ ಮಾತು. ಅತ್ತೆಗೆ ಸುತರಾಂ ಬೇಡ. ಆ ಸೋಫಾದಲ್ಲಿ ಇನ್ನೊಬ್ಬರನ್ನು ಕೂರಿಸಿದರೆ ಟೀವಿ ಮಾರಿಬಿಡುತ್ತೇನೆ ಅಂದಿದ್ದಾರೆ. 2017ರಲ್ಲಿ ಎರಡನೇ ಸೀಸನ್ ಬಂದಿತ್ತಲ್ಲ, ಹಾಟ್‌ಸ್ಟಾರ್‌ನಲ್ಲಿ, ಅದೇ ನಟರು, ಅದೇ ತಂಡ. ನಾವೆಲ್ಲ ಎಷ್ಟು ಕುಣಿದಿದ್ದೆವು! ನೋಡಿದ ಮೇಲೆ ಯಾರೂ ಕೆಟ್ಟದು ಅನ್ನಲಿಲ್ಲ, ಆದರೆ ಮತ್ತೊಮ್ಮೆ ಹಾಕು ಅಂತಲೂ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಅಲ್ಲಿ ಎಲ್ಲರಿಗೂ ತಾವು ಫೇಮಸ್ ಅಂತ ಗೊತ್ತಾಗಿಬಿಟ್ಟಿತ್ತು. ಮೊದಲ ಸೀಸನ್ನಿನಲ್ಲಿ ಮೋನಿಷಾಗೆ ತಾನು ತಮಾಷೆ ಅಂತ ಗೊತ್ತೇ ಇಲ್ಲ, ಅವಳಿಗೆ ನಿಜವಾಗಲೂ ಆ ಕೂಪನ್ ಬೇಕು. ಅಂಕಲ್ ಇದಕ್ಕೆ ಒಪ್ಪುವುದಿಲ್ಲ, ನಾವೇ ಮುದುಕರಾಗಿದ್ದು ಅಂತಾರೆ.

ನನ್ನ ಚಿಂತೆ ಬೇರೆ, ಸ್ವಲ್ಪ ಮೋನಿಷಾ ಚಿಂತೆ. ಇದು ಆಪ್‌ನಲ್ಲಿ ಎಷ್ಟು ದಿನ ಇರುತ್ತೆ? ಆಪ್‌ಗಳಿಂದ ಸಿನಿಮಾ, ಸೀರಿಯಲ್ ಹೇಳದೆ ಕೇಳದೆ ಹೋಗೋದು ಎಲ್ಲರೂ ನೋಡಿದ್ದೇವೆ. ನಿನ್ನೆ ಅರ್ಧಕ್ಕೆ ನಿಲ್ಲಿಸಿದ್ದು ಇವತ್ತು ಹುಡುಕಿದರೆ ಇಲ್ಲ. ಕ್ಯಾಸೆಟ್ ಆಗಿದ್ದರೆ ಕಪಾಟಿನಲ್ಲಿ ಇರುತ್ತಿತ್ತು, ಬೂಸ್ಟು ಹಿಡಿದರೂ ನಮ್ಮದೇ. ಇದು ಬಾಡಿಗೆ, ಅದೂ ಮನೆ ಮಾಲೀಕ ಯಾರು ಅಂತ ವರ್ಷ ವರ್ಷ ಬದಲಾಗುವ ಬಾಡಿಗೆ. ಲಾಕ್‌ಡೌನ್‌ನಲ್ಲಿ ಟೀವಿಯಲ್ಲಿ ಮತ್ತೆ ಹಾಕಿದ್ದಾಗ ಒಂದೆರಡು ವಾರ ಕೇಬಲ್‌ಗೇ ಮರ್ಯಾದೆ ಬಂದಿತ್ತು. ಆಗಲೇ ಎಲ್ಲವನ್ನೂ ರೆಕಾರ್ಡ್ ಮಾಡಿಡಬೇಕಿತ್ತು ಅಂತ ನಮ್ಮವರು ಈಗ ಬುದ್ಧಿ ಹೇಳುತ್ತಾರೆ.

ಅದಕ್ಕೇ ನಾನು ದಿನಕ್ಕೆ ಎರಡು ಎಪಿಸೋಡ್ ಹೊಡೆದು ಬೇಗ ಮುಗಿಸೋಣ ಅಂತಿದ್ದೆ. ಮೊದಲ ವಾರ ಹಾಗೇ ಆಯ್ತು, 14 ಮುಗಿದವು. ಎಂಟನೇ ದಿನ ರಿಮೋಟ್ ಎತ್ತಿಕೊಂಡರೆ ಅತ್ತೆ ಕೈ ಅಡ್ಡ ಹಿಡಿದರು. ಇನ್ನು ಮೇಲೆ ವಾರಕ್ಕೆ ಒಂದೇ, ಆಗ ಬರುತ್ತಿದ್ದ ಹಾಗೆ, ಭಾನುವಾರ ಎಲ್ಲರೂ ಬಂದ ಮೇಲೆ. ಯಾಕೆ ಅಂದೆ. ‘ಮುಗಿಸಿ ಎಂತ ಮಾಡುವುದು?’ ಅಂದರು, ಅಷ್ಟೇ.

ಬಾಕಿ 56. ವಾರಕ್ಕೊಂದು ಅಂದರೆ 56 ವಾರ. ವರ್ಷಕ್ಕೆ 52. ಅಂದರೆ ಎರಡು ಪ್ಯಾಕ್ ಪೂರ್ತಿ, ಮೇಲೆ ಉಳಿಯುವ ಕೆಲವು ವಾರಕ್ಕೆ ಇನ್ನೊಂದು ಆರು ತಿಂಗಳ ಪ್ಯಾಕ್, ಜೊತೆಗೆ ಬ್ಯಾಕೆಂಡಿಗೆ ಹೋದ ಒಂಬತ್ತು ದಿನ. ಒಟ್ಟು 13,500 ರೂಪಾಯಿ. ಎಪಿಸೋಡಿಗೆ 64 ಇದ್ದದ್ದು 193 ಆಯ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಂಬಿ.

ನೀವು ತಗೊಳ್ಳಬಹುದಾ ಅಂತ ಕೇಳಿದರೆ, ತಗೊಳ್ಳಿ, ಆದರೆ ದುಡ್ಡು ಕೊಡುವ ಮೊದಲು ಕೌಂಟರಿನಲ್ಲೇ ನಿಮ್ಮ ಫೋನಿನಲ್ಲಿ ಆಪ್ ತೆರೆಸಿ ನೋಡಿ. ಕನ್ನಡ ಚಾನೆಲ್‌ಗಳ ಹೆಸರು ರಸೀತಿಯಲ್ಲಿ ಬರೆಸಿಕೊಳ್ಳಿ. ಫೈಬರ್ ಹಾಕಿದ ಮೇಲೆ ಮೀಟರ್ ಎಷ್ಟು ತೋರಿಸುತ್ತೆ ಅಂತ ಕೇಳಿ, ಮೈನಸ್ ಮುಂದಿನ ಅಂಕಿ 25ರ ಮೇಲೆ ಹೋದರೆ ಹುಡುಗನನ್ನು ಬಿಡಬೇಡಿ. ಕಲಬುರಗಿಯ ಹುಡುಗನೇ ಬರಲಿ ಅಂತ ಕೇಳಿನೋಡಿ.

ಹೋದ ತಿಂಗಳು ಮುನ್ಸಿಪಾಲಿಟಿಯವರು ಅರಳಿಮರದ ಕೊಂಬೆ ಕಡಿದಾಗ ಫೈಬರೂ ಹೋಯ್ತು, ಕೆಂಪು ಲೈಟು. ಆಫೀಸಿಗೆ ಫೋನ್ ಮಾಡದೆ ನೇರ ಅವನಿಗೇ ಮಾಡಿದೆ, ಸಂಜೆಯೊಳಗೆ ಬಂದ. ಭಾನುವಾರವಾಗಿತ್ತು, ಕೆಲಸ ಮುಗಿಸಿ ಹೋಗುವವನನ್ನು ಅತ್ತೆಯೇ ಕೂರಿಸಿಕೊಂಡರು. ದುಷ್ಯಂತ ಇರುವ ಎಪಿಸೋಡು. ಎಲ್ಲರೂ ನಗುತ್ತಿದ್ದರೆ ಇವನೊಬ್ಬ ಗಂಭೀರವಾಗಿ ಕೇಳಿಸಿಕೊಂಡು, ‘ಅವ್ರು ಹೇಳೂದು ಖರೇ ಅದರಿ ಅಕ್ಕೋರೆ, ಯಾಕ ನಗತಾರ?’ ಅಂದ.

ಹೋಗುವಾಗ ಬಾಗಿಲಲ್ಲಿ ನನ್ನ ಮೂರನೇ ಪ್ಯಾಕಿನ ಗೋಳು ಹೇಳಿಕೊಂಡೆ. ಒಂದು ತಿಂಗಳ ಪ್ಯಾಕ್ ಅಂತ ಒಂದಿದೆಯಂತೆ, ಬೋರ್ಡಿನಲ್ಲಿ ಹಾಕೋದಿಲ್ಲವಂತೆ, ಸಾಹೇಬರನ್ನು ಕೇಳಿ ಫೋನ್ ಮಾಡ್ತೀನಿ ಅಂದಿದ್ದಾನೆ. ಇನ್ನೂ ಮಾಡಿಲ್ಲ. ಮಾಡಿದರೆ ಅರ್ಧ ಸ್ಟಾರ್ ಸೇರಿಸುತ್ತೇನೆ.